ದಲೆಂದಾಳ ಯಂತ್ರಕ್ಕೆ ಗೋರಂಟಿಯ ಪಾಠ

ದಲೆಂದಾ ನನ್ನ ತಮ್ಮನ ಮಗಳು. ಗಫ್ಸಾದ ನಮ್ಮ ಕಡೆ ಡಾಕ್ಟರು ದೂರ, ಮರಳುನೊಣ ಹತ್ತಿರ. ಅದು ಕಚ್ಚಿ ಆದ ಹುಣ್ಣಿನ ಕಲೆ ಅವಳ ಕೆನ್ನೆಯ ಮೇಲೂ ಇದೆ. ಆ ಹುಣ್ಣನ್ನು ಫೋಟೊ ನೋಡಿಯೇ ಗುರುತಿಸಲು ಕಂಪ್ಯೂಟರಿಗೆ ಕಲಿಸುವುದನ್ನೇ ಅವಳು ರಾಜಧಾನಿ ಟ್ಯೂನಿಸ್‌ನಲ್ಲಿ ಓದಿಗೆ ಆರಿಸಿಕೊಂಡಳು. ಪರೀಕ್ಷಕರು ಮೆಚ್ಚಿದರೆ ಡಾಕ್ಟರೇಟ್ ಸಂಶೋಧನೆಗೆ ಸೀಟು. ಇಲ್ಲವಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಬೇಸಿಗೆಯಲ್ಲಿ ಊರಿಗೆ ಬಂದವಳು ನೆರೆಮನೆಯ ಮದುವಣಗಿತ್ತಿ ನಜ್ಲಾಳ, ಮೊದಲ ಸುತ್ತಿನ ಗೋರಂಟಿ ಹಚ್ಚಿದ್ದ ಅಂಗೈಯನ್ನು ತಮಾಷೆಗೆ ಫೋನಿನಲ್ಲಿದ್ದ ತನ್ನ ಯಂತ್ರಕ್ಕೆ ತೋರಿಸಿದಳು. ಹುಣ್ಣಿದೆ ಎಂದಿತು ಯಂತ್ರ.

"ಗಂಡನ ಮನೆ ಸೇರೋಕೆ ಮುಂಚೇನೇ ರೋಗ ಅಂಟಿಸಿದ್ಯಲ್ಲೇ," ಎಂದು ನಜ್ಲಾ ನಕ್ಕಳು.

ದಲೆಂದಾ ನಗಲಿಲ್ಲ. ನಮ್ಮ ಜನ ಹುಣ್ಣಿಗೆ ಮೊದಲು ಗೋರಂಟಿ ಮೆತ್ತುತ್ತಾರೆ, ವಾಸಿಯಾಗದಿದ್ದರೆ ಆಸ್ಪತ್ರೆಗೆ ಹೋಗುತ್ತಾರೆ. ಹಾಗಾಗಿ ಆಸ್ಪತ್ರೆಯಿಂದ ಅವಳಿಗೆ ಸಿಕ್ಕಿದ್ದ ಹುಣ್ಣಿನ ಫೋಟೊಗಳಲ್ಲೆಲ್ಲ ಗೋರಂಟಿಯ ಕೆಂಪಿತ್ತು. ಯಂತ್ರ ಹುಣ್ಣನ್ನು ಬಿಟ್ಟು ಬಣ್ಣವನ್ನು ಕಲಿತಿತ್ತು.

"ಗೋರಂಟಿ ಹಚ್ಚಿದ, ಹುಣ್ಣಿಲ್ಲದ ಕೈಗಳ ಫೋಟೊ ಬೇಕು ದೊಡ್ಡಪ್ಪ. ನಮ್ಮ ಹೆಂಗಸ್ರು ಕೊಡ್ತಾರಾ?" ಎಂದಳು.

ಕೊಡಲಾರರು ಎಂದೇ ನನಗೂ ಅನ್ನಿಸಿತ್ತು. ಗೋರಂಟಿ ಶಾಸ್ತ್ರದ ಸಂಜೆ ಹೆಂಗಸರು ಫೋನುಗಳನ್ನೆಲ್ಲ ಬುಟ್ಟಿಗೆ ಹಾಕಿ ಮುಚ್ಚಿಡುತ್ತಾರೆ, ದೃಷ್ಟಿಯ ಭಯ. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ನಜ್ಲಾಳ ಶಾಸ್ತ್ರದಂದು ನಡೆದದ್ದನ್ನು ನನ್ನ ಹೆಂಡತಿ ಬಂದು ಹೇಳಿದಳು.

ದಲೆಂದಾ ನಡುಮನೆಯಲ್ಲಿ ನಿಂತು ಕೇಳಿದಾಗ ಹಾಡು ನಿಂತಿತಂತೆ. ವರನ ಅಜ್ಜಿ ಬೋರ್ನಿಯಾ, ಫೋನಿನ ಬುಟ್ಟಿಯನ್ನು ಕಾಯುತ್ತಿದ್ದವಳು, ಕೇಳಿದಳಂತೆ:

"ಮುಖ ಬೀಳ್ತದಾ ಅದ್ರಾಗೆ?"

"ಇಲ್ಲ ಅಜ್ಜಿ, ಅಂಗೈ ಅಷ್ಟೇ. ಹೆಸರೂ ಬೇಡ."

"ಗೋರಂಟಿ ಕಂಡ್ರೆ ರೋಗ ಅನ್ನೋ ಯಂತ್ರ ಯಾರ ಹೊಟ್ಟೇಲಿ ಹುಟ್ತೋ. ಕಲಿಸ್ದೆ ಬಿಟ್ರೆ ನಮ್ಮೂರಿಗೇ ಅವಮಾನ. ಹಿಡಿ."

ಮುದುಕಿ ಕೈ ಚಾಚಿದ್ದೇ ತಡ, ಮದುಮಗಳಿಂದ ಹಿಡಿದು ಅಡುಗೆಯವಳ ತನಕ ಎಲ್ಲರೂ ಸಾಲು ನಿಂತರಂತೆ.

ದಲೆಂದಾ ಆ ಕೈಗಳನ್ನು ತೋರಿಸಿ ಯಂತ್ರಕ್ಕೆ ಹೊಸದಾಗಿ ಕಲಿಸಿದಳು. ಪರೀಕ್ಷಕರ ಮುಂದೆ ತನ್ನ ತಪ್ಪನ್ನೂ ಅದು ಸರಿಹೋದ ಬಗೆಯನ್ನೂ ಮುಚ್ಚಿಡದೆ ಹೇಳಿದಳು. ಸೀಟು ಸಿಕ್ಕಿತು. ನಮ್ಮ ವಂಶದಲ್ಲಿ ಅಷ್ಟು ಓದಿದವರು ಬೇರೆ ಇಲ್ಲ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಸುದ್ದಿ ಹೇಳಲು ಊರಿಗೆ ಬಂದವಳು, ಟ್ಯೂನಿಸ್‌ಗೆ ಮರಳುವ ಮುನ್ನ ಮನೆಮನೆಗೆ ಹೋಗಿ, ಹಿರಿಯರಿಗೆ ಗೌರವ ತೋರಿಸುವ ನಮ್ಮ ಕಡೆಯ ರೂಢಿಯಂತೆ, ಆ ಹೆಂಗಸರ ನೆತ್ತಿಗೆ ಮುತ್ತಿಟ್ಟು ಬಂದಳು.

"ಡಾಕ್ಟರಾಗ್ತೀಯಂತೆ. ನನ್ನ ಮಂಡಿ ನೋಡು," ಎಂದಳು ಬೋರ್ನಿಯಾ.

"ನಾನು ಆ ಥರದ ಡಾಕ್ಟರಲ್ಲ ಅಜ್ಜಿ."

"ಆಗ್ಲಿ ಬಿಡು, ಓದಿ ಬಾ. ಮಂಡಿದೂ ಫೋಟೊ ತಕ್ಕೊಂಡು ಹೋಗು, ಕೆಲಸಕ್ಕೆ ಬಂದೀತು."