ದ್ಯಾವಪ್ಪನ ಬ್ರೂಕ್ಲಿನ್

ಮಸ್ಕಿಯಲ್ಲಿ ದ್ಯಾವಪ್ಪನ ಮಿರ್ಚಿ ಭಜ್ಜಿ ತಿನ್ನದವರು ಇರಲಿಲ್ಲ. ಅವನ ಮಾತನ್ನು ಪೂರ್ತಿ ಕೇಳಿದವರು ಮಾತ್ರ ಒಬ್ಬರೂ ಸಿಗಲಿಕ್ಕಿಲ್ಲ. ಕೇಳದವರಲ್ಲಿ ನಾನೇ ಮೊದಲಿಗ. ನಾನು ಶಿವಶರಣಪ್ಪ, ಬಸ್ಸು ನಿಲ್ಲುವ ಕಡೆ ಕಿರಾಣಿ ಅಂಗಡಿ ಇಟ್ಟವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಉರ್ದು ಶಾಲೆಯಲ್ಲಿ ಓದುವಾಗ ಒಂದಿಷ್ಟು ಇಂಗ್ಲಿಷೂ ತಲೆಗೆ ಹತ್ತಿತ್ತಾದ್ದರಿಂದ ಊರವರ ಕಾಗದ ಓದಿ ಹೇಳುವ ಕೆಲಸವೂ ನನಗೇ ಬಿದ್ದಿತ್ತು.

ನೈಜಾಮರ ರಾಜ್ಯ ತೆಗೆದ ಪೊಲೀಸ್ ಕಾರ್ಯಾಚರಣೆ ಮುಗಿದ ವರ್ಷ ಟೂರಿಂಗ್ ಟಾಕೀಸಿನ ತಂಬು ಬಂತು. ಸಿಂಧನೂರಿನಲ್ಲಿ ಎರಡು ತಿಂಗಳು, ಲಿಂಗಸುಗೂರಿನಲ್ಲಿ ಎರಡು ತಿಂಗಳು, ಆಮೇಲೆ ಮಸ್ಕಿ, ಪ್ರತಿ ವರ್ಷ ಹೀಗೇ ಸುತ್ತು. ದ್ಯಾವಪ್ಪ ತಂಬಿನ ಬಾಗಿಲಲ್ಲಿ ಒಲೆ ಹೂಡಿ, ಪರದೆಯ ಸಂದಿಯಿಂದ ಸಿನಿಮಾ ನೋಡುತ್ತ ಭಜ್ಜಿ ಕರಿಯುತ್ತಿದ್ದ. ಸಿನಿಮಾ ಅಳೆಯಲು ಅವನ ಹತ್ತಿರ ಒಂದೇ ಲೆಕ್ಕ. ಹಾಡು ಶುರುವಾದ ಕೂಡಲೇ ಜನ ಎದ್ದು ಭಜ್ಜಿಗೆ ಬಂದರೆ ಅದು ದರಿದ್ರ ಸಿನಿಮಾ; ಭಜ್ಜಿ ತಣ್ಣಗಾಗಿ ಹೋದರೆ ಛಲೋ ಸಿನಿಮಾ. ವ್ಯಾಪಾರ ಕೆಟ್ಟ ದಿನ ಅವನಿಗೆ ಎಲ್ಲಿಲ್ಲದ ಖುಷಿ. ತಂಬು ನಡೆಸುವ ಲಾಲ್‌ಸಾಬ್ ಆಟಕ್ಕೆ ಮುಂಚೆ ಗ್ರಾಮಫೋನಿನಲ್ಲಿ ಹಾಡಿನ ಪ್ಲೇಟು ಹಾಕಿದರೆ, ಅದರಲ್ಲಿ ಗೀರು ಬಿದ್ದ ಪ್ಲೇಟೇ ಚೆಂದ ಅನ್ನುತ್ತಿದ್ದ ದ್ಯಾವಪ್ಪ. ಎಲ್ಲಿ ಮುಗ್ಗರಿಸುತ್ತದೋ ಎಂದು ಕಾಯುವುದರಲ್ಲಿ ಮಜಾ ಇದೆಯಂತೆ. ನಮ್ಮ ಮಠದ ಭಜನೆಯವರು ದೇವರನ್ನು ಕಿವುಡ ಅಂದುಕೊಂಡಿದ್ದಾರೆ ಎಂದು ಹೇಳಿ ನನ್ನಿಂದ ಬೈಸಿಕೊಂಡಿದ್ದ. ಈ ಮಾತುಗಳಿಗೆಲ್ಲ ಊರಿನಲ್ಲಿ ಗಿರಾಕಿಗಳಿದ್ದರು, ಜಗಳಕ್ಕೂ ಬರುತ್ತಿದ್ದರು, ನಗುತ್ತಲೂ ಇದ್ದರು.

ಆದರೆ ಅವನ ಜೀವವಿದ್ದದ್ದು ಬೇರೆ ಕಡೆ, ಬೇಸ್‌ಬಾಲ್ ಎಂಬ ಆಟದಲ್ಲಿ. ಯುದ್ಧದ ಕಾಲದಲ್ಲಿ ಅವನು ಬೆಂಗಳೂರಿಗೆ ಹೋಗಿ, ಅಮೆರಿಕದ ಸಿಪಾಯಿಗಳ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅವನ ಹೆಂಡತಿ ಆದೆಮ್ಮ ಇಲ್ಲಿ ಜ್ವರದಿಂದ ತೀರಿಕೊಂಡಳು. ಆ ಸುದ್ದಿಯ ಕಾಗದ ಬರೆದವನೂ ನಾನೇ. ಅದು ಅವನ ಕೈ ಸೇರುವಷ್ಟರಲ್ಲಿ ಮಣ್ಣು ಮಾಡಿ ಮೂರು ವಾರ ಆಗಿತ್ತು. ಅಂದು ಸಂಜೆ ಫ್ರಾಂಕ್ ಎಂಬ ಸಿಪಾಯಿ ಒಂದು ಮಾತೂ ಆಡದೆ ಅವನ ಎಡಗೈಗೆ ಚರ್ಮದ ಗವಸು ಹಾಕಿ, ದೂರ ನಿಂತು ಚೆಂಡು ಎಸೆದನಂತೆ. ಇವನು ಹಿಡಿದು ತಿರುಗಿ ಎಸೆದ. ಕತ್ತಲಾಗಿ ಚೆಂಡು ಕಾಣದಂತಾಗುವ ತನಕ ಹಾಗೇ ನಡೆಯಿತು. ಅವತ್ತಿನಿಂದ ಫ್ರಾಂಕನ ತಂಡವೇ ಇವನ ತಂಡ: ಬ್ರೂಕ್ಲಿನ್. ಅದು ಫ್ರಾಂಕನ ಊರು. ಅದರ ತಂಡ ವರ್ಷದ ಕೊನೆಯ ಪಂದ್ಯದ ತನಕ ಹೋಗಿ ಸೋಲುವುದರಲ್ಲಿ ಹೆಸರುವಾಸಿ. ಊರಿಗೆ ಹೋಗುವಾಗ ಫ್ರಾಂಕ್ ಗವಸು, ಚೆಂಡು ಎರಡನ್ನೂ ಇವನಿಗೇ ಬಿಟ್ಟು, ನಾವು ಗೆದ್ದ ದಿನ ನಿನಗೆ ಕಾಗದ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದ.

ಆ ಕಾಗದಕ್ಕಾಗಿ ದ್ಯಾವಪ್ಪ ಕಾದ. ಟಪಾಲಿನವನು ಊರಿನ ಕಾಗದಗಳನ್ನೆಲ್ಲ ನನ್ನ ಅಂಗಡಿಯಲ್ಲೇ ಸುರಿದು ಹೋಗುತ್ತಿದ್ದ. ಆ ಕೊನೆಯ ಪಂದ್ಯ ನಡೆಯುವುದು ನಮ್ಮ ದಸರೆಯ ಆಸುಪಾಸಿಗೆ. ಮಹಾನವಮಿ ಹತ್ತಿರ ಬಂದರೆ ಸಾಕು, ದ್ಯಾವಪ್ಪ ದಿನಾ ನನ್ನ ಅಂಗಡಿಯ ಕಟ್ಟೆಗೆ ಹಾಜರು. ಉಳಿದ ದಿನಗಳಲ್ಲೂ ಮಧ್ಯಾಹ್ನ ಬಂದು ಕೂತು ಆ ಆಟ ಹೇಗೆ, ಏನು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ದೊಣ್ಣೆ, ನಾಲ್ಕು ಮೂಲೆ, ಓಟ, ಇಷ್ಟು ನನ್ನ ಕಿವಿಗೆ ಬಿದ್ದದ್ದು. ನಾನು ಹೂಂ ಹೂಂ ಅನ್ನುತ್ತ ಬೆಲ್ಲ ತೂಗುತ್ತಿದ್ದೆ. ಒಮ್ಮೆ ಗವಸು ತಂದು, ಹೊರಗೆ ಬಂದು ಎರಡು ಸಲ ಚೆಂಡು ಎಸೆ ಅಂದ. ನಾಲ್ಕು ಜನ ನೋಡಿದರೆ ಏನಂದಾರು ಎಂದು ಗದರಿಸಿ ಕಳಿಸಿದೆ.

ಲಿಂಗಸುಗೂರಿನ ವಕೀಲರೊಬ್ಬರ ಮನೆಗೆ ಇಂಗ್ಲಿಷ್ ಪೇಪರು ಬರುತ್ತಿತ್ತು. ನಾನು ಸಾಮಾನು ತರಲು ಹೋದಾಗ ಅದನ್ನೊಂದಿಷ್ಟು ನೋಡಿಕೊಂಡು ಬಾ ಎಂದು ದ್ಯಾವಪ್ಪ ಪ್ರತಿ ವರ್ಷ ಹೇಳುತ್ತಿದ್ದ. ನಾನು ಒಮ್ಮೆಯೂ ನೋಡಲಿಲ್ಲ. ನೋಡಿದೆ, ಏನೂ ಇಲ್ಲ ಅನ್ನುತ್ತಿದ್ದೆ.

ಐವತ್ಮೂರರ ದಸರೆ. ಅಂಗಡಿ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಜನ. ದ್ಯಾವಪ್ಪ ಅದೇ ದಿನ ಮೂರನೇ ಸಲ ಬಂದು, ಏನಾದ್ರೂ ಗೊತ್ತಾತೇನು ಅಂದ. ತಲೆ ಕೆಟ್ಟುಹೋಯಿತು. ಅವನ ಮುಖ ನೋಡಿದರೆ ಅಯ್ಯೋ ಪಾಪ ಅಂತಲೂ ಅನ್ನಿಸಿತು. ಎರಡೂ ಖರೆ. ಒಟ್ಟು ಇವತ್ತಿಗೆ ಇದು ಮುಗಿಯಲಿ ಎಂದು, "ಗೆದ್ದಾರ ನೋಡಪ್ಪ ನಿನ್ನ ಬ್ರೂಕ್ಲಿನ್ನವರು. ಪೇಪರಿನ್ಯಾಗ ಬಂದಾದ," ಅಂದುಬಿಟ್ಟೆ.

ಅವನ ಮುಖ ಸುಣ್ಣದಂತಾಯಿತು. ಗಲ್ಲಾಪೆಟ್ಟಿಗೆಯ ಮೇಲೆ ಕೈ ಊರಿ, ಎಷ್ಟಕ್ಕ ಅಂದ.

ರಾಯಚೂರಿನಲ್ಲಿ ಒಮ್ಮೆ ಕ್ರಿಕೆಟ್ ನೋಡಿದ್ದು ನೆನಪಿಗೆ ಬಂತು. "ನೂರಾ ನಲವತ್ತು ರನ್ನಿನ್ಲೆ," ಅಂದೆ.

ದ್ಯಾವಪ್ಪ ನನ್ನನ್ನೇ ನೋಡಿದ. ಭಾಳ ಛಲೋ ಆತು ಅಂದು ಹೊರಟು ಹೋದ. ಆ ಸಂಜೆ ತಂಬಿಗೆ ಬಂದವರಿಗೆಲ್ಲ ಪುಕ್ಕಟೆ ಭಜ್ಜಿ. ನೋಡು, ಒಂದು ಮಾತಿನಿಂದ ಒಬ್ಬನ ಹಬ್ಬ ಮಾಡಿಸಿದೆ ಎಂದು ನಾನು ಮೀಸೆ ತಿರುವಿದೆ. ವಾರದೊಳಗೆ ಅವನು ಒಲೆ, ಬಾಣಲೆ ಕಟ್ಟಿಕೊಂಡು ಊರು ಬಿಟ್ಟ. ದಢೇಸುಗೂರಿನ ಕಡೆ ಕಾಲುವೆ ತೋಡುವವರ ಕ್ಯಾಂಪಿನಲ್ಲಿ ಅಡಿಗೆಗೆ ನಿಂತಿದ್ದಾನೆ ಎಂದು ಯಾರೋ ಹೇಳಿದರು. ನನಗೆ ಹೋಗಿ ಬರುತ್ತೇನೆ ಎಂದೂ ಹೇಳಿರಲಿಲ್ಲ. ಕೆಟ್ಟ ಸಿಟ್ಟು ಬಂತು. ಆಮೇಲೆ ಮಧ್ಯಾಹ್ನಗಳು ಬಹಳ ಉದ್ದವಾದವು.

ಐವತ್ತೈದರ ದೀಪಾವಳಿ ಮುಗಿದ ಮೇಲೆ ಆ ಕಾಗದ ಬಂತು. ಲಕೋಟೆಯ ಮೇಲೆ ನೈಜಾಮರ ರಾಜ್ಯ ಎಂದೇ ವಿಳಾಸ. ಆ ರಾಜ್ಯ ಹೋಗಿ ಏಳು ವರ್ಷವಾಗಿತ್ತು. ಕಾಗದ ಹೇಗೋ ಬಂದು ಮುಟ್ಟಿತ್ತು. ದ್ಯಾವಪ್ಪ ಇಲ್ಲವಲ್ಲ ಎಂದು ನಾನೇ ಒಡೆದೆ. 'ದ್ಯಾವಾ, ಗೆದ್ದೆವು. ಇದೇ ಮೊದಲನೇ ಸಲ. ಕೊನೆಯ, ಏಳನೇ ಆಟದಲ್ಲಿ, ಎರಡು–ಸೊನ್ನೆ. ಸುದ್ದಿ ಕೇಳಿದಾಗ ನೀನು ನೆನಪಾದೆ. ಚೆಂಡು ಇದೆಯಾ?' ಇಷ್ಟೇ. ಮೊದಲನೇ ಸಲ ಎಂಬಲ್ಲಿ ನನ್ನ ಕಣ್ಣು ನಿಂತಿತು. ಕಾಗದ ಕೊಟ್ಟರೆ ನನ್ನ ಸುಳ್ಳು ಬಯಲಾಗುತ್ತದೆ. ಎಂಟು ದಿನ ಅದನ್ನು ಅಕ್ಕಿ ಚೀಲದ ಕೆಳಗೆ ಇಟ್ಟೆ. ಒಂಬತ್ತನೇ ದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ಕ್ಯಾಂಪಿನ ಅಡಿಗೆಮನೆಯಲ್ಲಿ ದ್ಯಾವಪ್ಪ ಒಬ್ಬನೇ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಗವಸು ಸೌಟುಗಳ ಪಕ್ಕದ ಮೊಳೆಗೆ ತೂಗುಹಾಕಿತ್ತು. ಕಾಗದ ತೆಗೆದು ಓದಿದೆ. ಇನ್ನೊಮ್ಮೆ ಓದು ಅಂದ. ಮೂರು ಸಲ ಓದಿಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಈರುಳ್ಳಿಯ ನೆವವೂ ಇತ್ತು. ಅವತ್ತು ನಾನು ಸುಳ್ಳು ಹೇಳಿದೆ, ತಪ್ಪಾಯಿತು ಅಂದೆ.

"ಅದು ಆವತ್ತೇ ಗೊತ್ತಾಗಿತ್ತು," ಅಂದ. "ನೀ ಗೆದ್ದಾರ ಅಂದ ಕೂಡಲೇ ನನ್ನ ಎದಿ ಧಸಕ್ಕಂತು. ಗೆದ್ದಾರ, ಕಾಗದ ಬಂದಿಲ್ಲ, ಅಂದ್ರ ಫ್ರಾಂಕ ಸತ್ತಾನ ಅಂದ್ಕೊಂಡೆ. ಆಮ್ಯಾಲ ನೀ ನೂರಾ ನಲವತ್ತು ಅಂದಿ ನೋಡು, ಆಗ ಜೀವ ಬಂತು. ಆ ಆಟದಾಗ ಎರಡು, ಮೂರು, ಭಾಳಂದ್ರ ಹತ್ತು. ನೂರು ಅನ್ನೋದ ಇಲ್ಲ. ಇವ ಸುಳ್ಳು ಹೇಳಾಕತ್ತಾನ, ಫ್ರಾಂಕ ಬದುಕ್ಯಾನ ಅಂತ ಖುಷಿ ಆಗಿ ಭಜ್ಜಿ ಹಂಚಿದೆ."

ಹಂಗಾದ್ರ ಊರು ಯಾಕ ಬಿಟ್ಟಿ ಎಂದು ಕೇಳಿದೆ.

ಅವನು ಚಾಕು ಕೆಳಗಿಟ್ಟ. "ಐದು ವರ್ಷ ನಿನ್ನ ಕಟ್ಟಿ ಮ್ಯಾಲ ಕುಂತು ಹೇಳೀನಿ, ಶಿವಶರಣಪ್ಪಣ್ಣ. ಒಂದು ದಿನ ಕೇಳಿದ್ರೂ ನೂರಾ ನಲವತ್ತು ಅಂತಿದ್ದಿಲ್ಲ ನೀ."

ಈಗ ಹೇಳು, ಕೇಳುತ್ತೇನೆ ಅಂದೆ. ಜನ ಊಟಕ್ಕೆ ಬರುವ ಹೊತ್ತಾಯಿತು, ನಿನ್ನ ಬಸ್ಸಿನ ಹೊತ್ತೂ ಆಯಿತು ಅಂದ. ಬಿಸಿ ಭಜ್ಜಿ ಎಲೆಯಲ್ಲಿ ಕಟ್ಟಿ ಕೊಟ್ಟ. ಗವಸಿನ ಕಡೆ ನೋಡಿದೆ. ಅವನು ನೋಡಲಿಲ್ಲ.

ಈ ವರ್ಷ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ತಂಬು ಮತ್ತೆ ಬಂದಿದೆ, ಭಜ್ಜಿಗೆ ಬೇರೆ ಯಾರೋ ಕೂತಿದ್ದಾನೆ, ಸಿನಿಮಾ ಹೇಗಿದೆ ಎಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಾನೆ. ದಸರೆ ಬಂದಾಗ ಲಿಂಗಸುಗೂರಿನ ವಕೀಲರ ಮನೆಗೆ ಹೋಗಿ ಪೇಪರನ್ನು ಮೂಲೆ ಮೂಲೆ ಹುಡುಕಿದೆ. ಬ್ರೂಕ್ಲಿನ್ ಎಲ್ಲೂ ಇರಲಿಲ್ಲ. ಏಳನೇ ಆಟ, ಎರಡು–ಸೊನ್ನೆ, ಅದೂ ಮೊದಲನೇ ಸಲ: ಇದನ್ನು ಯಾರಿಗಾದರೂ ಹೇಳಬೇಕು ಎಂದು ಬಾಯಿ ತುರಿಸುತ್ತದೆ. ಮೊನ್ನೆ ಮಧ್ಯಾಹ್ನ ಬೆಲ್ಲಕ್ಕೆ ಬಂದ ವೆಂಕೋಬನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದೆ. ಅವನು ಹೂಂ ಹೂಂ ಅನ್ನುತ್ತ ಬೆಲ್ಲದ ಉಂಡೆ ಆರಿಸುತ್ತಿದ್ದ.