ಬೆಣ್ಣೆಯ ಗುಲಾಬಿಗೆ ಬೀಸಿದ ಗಾಳಿ

ಆ ಮನೆಯಲ್ಲಿ ತಣ್ಣಗಿರುತ್ತಿದ್ದ ಕೋಣೆ ಒಂದೇ. ಹಳೆಯ ಎಸಿಯ ಕೆಳಗೆ ಮೇಜು ಹಾಕಿಕೊಂಡು ಅವಳು ಅಲ್ಲಿ ಬೆಣ್ಣೆಯ ಕ್ರೀಮಿನಲ್ಲಿ ಗುಲಾಬಿ ಅರಳಿಸುತ್ತಿದ್ದಳು. ಓಣಿಗೆಲ್ಲ ಅವಳು ಕೇಕಕ್ಕ.

"ಈ ಎಸಿ ಥೇಟ್ ನನ್ನ ಮಗನೇ. ಸದ್ದು ಜಾಸ್ತಿ, ಕೆಲಸ ಕಮ್ಮಿ" ಎನ್ನುತ್ತಿದ್ದರು ಅತ್ತೆ. ಸೊಸೆಯನ್ನೂ ಬಿಡುತ್ತಿರಲಿಲ್ಲ. "ಬೆಣ್ಣೇಲಿ ಹೂ ಮಾಡಿ ಯಾರೇ ಉದ್ಧಾರ ಆಗಿರೋದು?"

ಈ ಬೇಸಿಗೆಯಲ್ಲಿ ಎಸಿ ಕೈಕೊಡತೊಡಗಿತು. ಹೋದ ತಿಂಗಳು ಡಾಕ್ಟರ ಮೊಮ್ಮಗನ ಹುಟ್ಟುಹಬ್ಬದ ಕೇಕು ನೆಂಟರೆದುರೇ ಜಾರಿ ಕೂತಿತ್ತು. ಸುದ್ದಿಗೆ ಕಾಲು ಬಂತು. ಆಮೇಲೆ ಬಾಗಿಲು ತಟ್ಟಿದವಳು ಗೆಳತಿ ನರ್ಸ್ ಒಬ್ಬಳೇ. ಆಸ್ಪತ್ರೆಯ ದೊಡ್ಡ ನರ್ಸಮ್ಮನ ನಿವೃತ್ತಿಗೆ ಮೂರಂತಸ್ತಿನ ಕೇಕು ಬೇಕಿತ್ತು. "ಎಲ್ಲರೂ ಬೇಡ ಅಂದ್ರು ಕಣೇ, ನಾನೇ ಹಟ ಹಿಡಿದೆ. ನನ್ನ ಮಾನ ಉಳಿಸು" ಎಂದಿದ್ದಳು. ಇದೂ ಕುಸಿದರೆ ಇನ್ನು ಯಾರೂ ಈ ಬಾಗಿಲಿಗೆ ಬರುವುದಿಲ್ಲವೆಂದು ಕೇಕಕ್ಕನಿಗೆ ಗೊತ್ತಿತ್ತು.

ಸಮಾರಂಭದ ದಿನ ಬೆಳಿಗ್ಗೆ ಎಸಿ ತಣ್ಣಗೇ ಇತ್ತು. ಅದನ್ನು ನಂಬಿ ಕೇಕು ಜೋಡಿಸಿದಳು, ಹೂ ಕೂರಿಸಿದಳು. ಜೋಡಿಸಿದ ಮೇಲೆ ಅದು ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ. ಮಧ್ಯಾಹ್ನ ಎಸಿ ಗಡಗಡ ಎಂದು ಬಿಸಿಯುಸಿರು ಬಿಟ್ಟಿತು.

"ಅಕ್ಕಾ, ಗ್ಯಾಸ್ ಮತ್ತೆ ಸೋರಿರ್ಬೇಕು. ನಾಳೆ ಬರ್ತೀನಿ" ಎಂದ ರಿಪೇರಿಯವನು ಫೋನಿನಲ್ಲಿ.

"ಮನೆ ಸುಟ್ಟ ಮೇಲೆ ಬಾವಿ ತೋಡೋಕೆ ಬರ್ತೀಯೇನಪ್ಪಾ?"

"ಊರಲ್ಲಿರೋ ಎಸಿಯೆಲ್ಲ ಇವತ್ತೇ ಕೆಟ್ಟಿದಾವಕ್ಕಾ. ನಂಗಿರೋದು ಎರಡೇ ಕೈ."

ಅವಳು ಎಸಿ ಆರಿಸಿ, ಕಿಟಕಿ ಭದ್ರವಾಗಿ ಮುಚ್ಚಿ, ಅದಕ್ಕೆ ಒದ್ದೆ ಬೆಡ್‌ಶೀಟು ಇಳಿಬಿಟ್ಟಳು. ಒಳಗಿನ ತಂಪು ಇನ್ನೊಂದಷ್ಟು ಹೊತ್ತು ತಡೆಯಬಹುದು. ಬಾಗಿಲು ಮುಚ್ಚಿ ಐಸ್ ತರಲು ಓಡಿದಳು. ಐಸನ್ನೆಲ್ಲ ಮೀನಿನವರು ಆಗಲೇ ಒಯ್ದಿದ್ದರು. ಕಾದ ರಸ್ತೆಯಲ್ಲಿ ಬರಿಗೈಯಲ್ಲಿ ತಿರುಗಿ ಬಂದಳು.

ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯೂ ತೆರೆದಿತ್ತು. ಮಂಡಿನೋವಿನ ಅತ್ತೆ ಕೇಕಿನ ಮುಂದೆ ನಿಂತು ರಟ್ಟಿನ ತುಂಡಿನಿಂದ ಬೀಸುತ್ತಿದ್ದರು. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು.

"ಪಾಪ, ಒಳಗೆ ಉಸಿರುಕಟ್ಟಿತ್ತು ಕಣೇ ಇದಕ್ಕೆ. ನೀನು ಹೋದಾಗಿಂದ ಒಂದು ಗಳಿಗೆ ಕೈ ನಿಲ್ಸಿಲ್ಲ ನೋಡು."

ಹೊರಗಿನ ಬಿಸಿಗಾಳಿಯನ್ನೆಲ್ಲ ಬಾಚಿ ಬಾಚಿ ಅವರು ಹೂಗಳಿಗೆ ಬಡಿದಿದ್ದರು. ಮೇಲಿನ ಗುಲಾಬಿಗಳು ಎಸಳು ಕಳೆದುಕೊಂಡು ಮುದ್ದೆಯಾಗಿದ್ದವು. ನಡುವಿನ ಅಂತಸ್ತು ಒಂದು ಮಗ್ಗುಲಿಗೆ ವಾಲಿತ್ತು.

"ಸ್ವಲ್ಪ ಇಳಿದ ಹಾಗಿದೆ" ಎಂದರು ಅತ್ತೆ, ದನಿ ತಗ್ಗಿಸಿ. "ಇನ್ನೂ ಜೋರಾಗಿ ಬೀಸ್ಲಾ?"

 ಅವಳು ರಟ್ಟಿಗೆ ಕೈಚಾಚಿದಳು. ಈ ಕೋಣೆಯೊಳಗೆ ಅತ್ತೆ ಅವಳ ಕೆಲಸಕ್ಕೆ ಕೈಹಚ್ಚಿದ್ದು ಇದೇ ಮೊದಲು.

"ಸಾಕು ಅತ್ತೆ. ಕೈ ನೋಯುತ್ತೆ, ಕೊಡಿ ಇಲ್ಲಿ."

ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೇಕಿಗೆ ಬೆನ್ನು ಮಾಡಿ ನಿಂತು, ಅವರ ಒದ್ದೆ ಕತ್ತಿಗೆ ಮೆಲ್ಲಗೆ ಬೀಸತೊಡಗಿದಳು. ಹಿಂದೆ ಏನೋ ತೊಪ್ಪನೆ ಬಿದ್ದ ಸದ್ದಾಯಿತು. ಅವಳು ತಿರುಗಲಿಲ್ಲ. ಹೊರಗೆ ನರ್ಸಿನ ಸ್ಕೂಟರು ಬಂದು ನಿಂತಿತು.