ಕಾಫಿಪುಡಿ ಸುಟ್ಟ ವಾಸನೆ

ಇಂದು ಬೆಳಿಗ್ಗೆ ಸಿ.ವಿ. ರಾಮನ್ ನಗರದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಕಾರ್ಯದರ್ಶಿಗಳು ಒಂದು ಫೋಟೊ ಹಾಕಿದ್ದರು. ಕರಾವಳಿಯಲ್ಲಿ, ನನ್ನಮ್ಮನ ತವರೂರಿನಲ್ಲಿ, ಮೀನುಗಾರರ ವಸ್ತುಸಂಗ್ರಹಾಲಯ ಶುರುವಾಗಿದೆಯಂತೆ. ಗಾಜಿನ ಪೆಟ್ಟಿಗೆಯೊಳಗೆ ನನ್ನಜ್ಜಿ ಹೊರುತ್ತಿದ್ದಂಥದೇ ಮೀನಿನ ಬುಟ್ಟಿ. ಕೆಳಗೆ ಕಾರ್ಯದರ್ಶಿಗಳ ಒಕ್ಕಣೆ: ‘ಎಂಥ ಶ್ರೀಮಂತ ಸಂಸ್ಕೃತಿ! ಎಲ್ರೂ ನೋಡ್ಲೇಬೇಕು.’

ಬುಟ್ಟಿ ಕಂಡದ್ದೇ ಮೂಗಿಗೆ ಬಡಿದದ್ದು ಕಾಫಿಪುಡಿ ಸುಟ್ಟ ವಾಸನೆ. ನನ್ನ ಬಾಲ್ಯದಲ್ಲಿ, ಹಲಸೂರಿನ ಬಾಡಿಗೆ ಮನೆಯಲ್ಲಿ, ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ ಮೀನು ಹುರಿಯುತ್ತಿದ್ದಳು. ಪಕ್ಕದ ಬಾಣಲೆಯಲ್ಲಿ ಕಾಫಿಪುಡಿಯನ್ನು ಬೇಕೆಂದೇ ಕರಕಲು ಮಾಡುತ್ತಿದ್ದಳು. ಮಹಡಿಯ ಮೇಲಿದ್ದ ಓನರಮ್ಮನಿಗೆ ಮೀನಿನ ವಾಸನೆ ತಾಗಬಾರದಲ್ಲ! ಉಳಿದ ಮುಳ್ಳನ್ನು ಅಪ್ಪ ಪೇಪರಿನಲ್ಲಿ ಸುತ್ತಿ, ಆಫೀಸಿನ ಬ್ಯಾಗಿನಲ್ಲಿಟ್ಟು, ಬಸ್ಸಿನಲ್ಲಿ ಮೀನು ಮಾರುವ ರಸೆಲ್ ಮಾರುಕಟ್ಟೆಯವರೆಗೆ ಒಯ್ದು ಎಸೆಯುತ್ತಿದ್ದರು.

ಊರಿಂದ ಬಂದ ಅಜ್ಜಿ ಒಮ್ಮೆ ಇದನ್ನು ಕಂಡು ಕೆರಳಿದಳು. “ಎಂತ ಮಾರಾಯ್ತಿ ಇದು? ಮೀನು ನಾವು ಕದ್ದು ತಂದದ್ದಾ?”

“ಮೆಲ್ಲ ಮಾತಾಡಮ್ಮಾ, ಮೇಲೆ ಕೇಳ್ತದೆ,” ಎಂದಳು ಅಮ್ಮ.

ಅಜ್ಜಿ ತಟ್ಟೆ ಸರಿಸಿ ಎದ್ದುಬಿಟ್ಟಳು.

ಹೋದ ವಾರ ಇದೇ ಕಾರ್ಯದರ್ಶಿಗಳು ಇದೇ ಗುಂಪಿನಲ್ಲಿ ಬರೆದಿದ್ದರು: ‘ಲಿಫ್ಟಲ್ಲಿ ಮೀನಿನ ವಾಸನೆ ಬರ್ತಿದೆ. ಯಾರ ಮನೇದು ಅಂತ ಹೇಳ್ಬೇಕಾಗಿಲ್ಲ. ದಯವಿಟ್ಟು ಅರ್ಥ ಮಾಡ್ಕೊಳ್ಳಿ.’ ಬುಟ್ಟಿ ಬೇಕು, ಅದರೊಳಗಿನದು ಬೇಡ! ತೊಳೆದು, ಒಣಗಿಸಿ, ಗಾಜು ಮುಚ್ಚಿದ ಮೇಲಷ್ಟೇ ನಾವು ಸಂಸ್ಕೃತಿ.

ಕಿಟಕಿಗಳನ್ನೆಲ್ಲ ತೆರೆದಿಟ್ಟು ಗುಂಪಿಗೆ ಉತ್ತರ ಹಾಕಿದೆ: ‘ಅಷ್ಟು ದೂರ ಯಾಕೆ ಹೋಗ್ತೀರಾ ಸರ್? ನಮ್ಮನೇಲಿ ಬಂಗುಡೆ ಹುರೀತಿದ್ದೀನಿ. ಪ್ರವೇಶ ಉಚಿತ.’